ಮಲಗಿದವರ ಕಾಯಕ

೨೦೨೩ರ ವಸಂತಕಾಲದಲ್ಲಿ ನಾನು ಜಪಾನಿಗೆ ಹೋಗಿ, ಟೋಕಿಯೋ ನಗರದಲ್ಲಿರುವ ಮಗಳ ಮನೆಯಲ್ಲಿ ಆರು ವಾರಗಳ ಕಾಲ ಇದ್ದು ಬಂದೆನು. ಊರಿಗೆ ಮರಳಿದ ಕೂಡಲೇ ನಮ್ಮ ಸಂಪಾದಕರು ಪ್ರವಾಸದ ಅನುಭವವನ್ನು ಪತ್ರಿಕೆಗೆ ಬರೆದುಕೊಡಬೇಕೆಂದು ಹೇಳಿಕಳುಹಿಸಿದರು. ಮುಂದೆ ಕಂಡಾಗಲೆಲ್ಲ ನೆನಪು ಮಾಡಿದರು. ನಾನು ಇಂದು ನಾಳೆ ಎಂದು ಮುಂದೂಡುತ್ತಲೇ ಬಂದೆನು. ಕ್ಯೋಟೋದ ದೇವಾಲಯಗಳು, ಹೂವಿನಿಂದ ಮುಚ್ಚಿಹೋದ ಸಾಕುರಾ ಮರಗಳು, ಗಡಿಯಾರಕ್ಕೇ ಬುದ್ಧಿ ಹೇಳುವಂತಹ ರೈಲುಗಳು, ಇವುಗಳನ್ನು ಕುರಿತು ಬರೆಯಬಲ್ಲವರು ಬಹಳ ಮಂದಿ ಇದ್ದಾರೆ, ಬರೆದೂ ಇದ್ದಾರೆ. ನನ್ನ ಮನಸ್ಸಿನಲ್ಲಿ ನಿಂತುದು ಒಂದು ಕಾಫಿಯಂಗಡಿ. ಅದನ್ನು ಬರೆಯಹೊರಟರೆ ನನ್ನ ಅಕ್ಕನ ವಿಷಯವನ್ನೂ ಬರೆಯಬೇಕಾಗುತ್ತದೆ. ಅಕ್ಕನ ವಿಷಯವನ್ನು ಬರೆದರೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ. ವಿಳಂಬಕ್ಕೆ ಕಾರಣ ಇಷ್ಟೇ.

ಆ ಅಂಗಡಿಯಿರುವುದು ಟೋಕಿಯೋದ ನಿಹೊಂಬಾಶಿ ಎಂಬ ಹಳೆಯ ವ್ಯಾಪಾರಸ್ಥಳದಲ್ಲಿ. ಹೆಸರು 'ಡಾನ್', ಇಂಗ್ಲಿಷಿನಲ್ಲಿ ಅರುಣೋದಯವೆಂದು ಅರ್ಥ. ೨೦೨೧ರ ಜೂನ್ ತಿಂಗಳಿನಲ್ಲಿ ಅದು ತೆರೆಯಿತು. ಅಲ್ಲಿ ಬಂದವರನ್ನು ಎದುರುಗೊಳ್ಳುವುದು, ಏನು ಬೇಕೆಂದು ಕೇಳುವುದು, ಕುಳಿತಷ್ಟು ಹೊತ್ತು ಮಾತನಾಡಿಸುವುದು ಎಲ್ಲವೂ ಯಂತ್ರಮಾನವರ ಮೂಲಕ, ಅಂದರೆ ರೋಬಾಟುಗಳ ಮೂಲಕ ನಡೆಯುತ್ತದೆ. "ಅಪ್ಪಾ, ನೀವು ವಿಜ್ಞಾನದ ಮಾಸ್ತರು. ಇದನ್ನ ನೋಡದ ಹೋದ್ರ ಹೆಂಗ?" ಎಂದು ಮಗಳು ಮುಂಚಿತವಾಗಿಯೇ ಸ್ಥಳವನ್ನು ಕಾದಿರಿಸಿದ್ದಳು. ನನಗೆ ಅಷ್ಟೇನೂ ಉತ್ಸಾಹವಿರಲಿಲ್ಲ.

ನನ್ನ ನಿರುತ್ಸಾಹಕ್ಕೆ ಕಾರಣವಿತ್ತು. ನಮ್ಮ ಓಣಿಯಲ್ಲಿ ಈಗ ವೃದ್ಧ ದಂಪತಿಗಳಷ್ಟೇ ಉಳಿದಿರುವ ಮನೆಗಳು ಹಲವು. ಮಕ್ಕಳು ವಿದ್ಯಾವಂತರಾಗಿ ದೂರ ಹೋದರು. ಅದು ಅವರ ತಪ್ಪಲ್ಲ, ನಾವೇ ಓದಿಸಿ ಕಳುಹಿಸಿದೆವು. ಆದರೆ ದೂರವನ್ನು ಹತ್ತಿರ ಮಾಡುವೆನೆಂದು ಬಂದ ಒಂದೊಂದು ಸಾಧನವೂ ಮಕ್ಕಳು ಊರಿಗೆ ಬರುವ ಸರದಿಯನ್ನು ಒಂದೊಂದಾಗಿ ಕಡಿಮೆ ಮಾಡಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಗದದ ಕಾಲದಲ್ಲಿ ಯುಗಾದಿಗೂ ದೀಪಾವಳಿಗೂ ಬರುತ್ತಿದ್ದವರು ಟೆಲಿಫೋನು ಬಂದ ಮೇಲೆ ದೀಪಾವಳಿಗಷ್ಟೇ ಬಂದರು. ಮುಖ ಕಾಣುವ ಫೋನು ಬಂದ ಮೇಲೆ ಅದೂ ಎರಡು ವರ್ಷಕ್ಕೊಮ್ಮೆ ಆಯಿತು. ಇನ್ನು ಮಗನಿಗೆ ಪ್ರತಿಯಾಗಿ ಮನೆಯಲ್ಲಿ ಓಡಾಡುವ ಯಂತ್ರವೇ ಬಂದುಬಿಟ್ಟರೆ ಮಗ ಬರಬೇಕಾದ ಅಗತ್ಯವಾದರೂ ಏನು? ಮಗಳ ಮುಂದೆ ಈ ಮಾತನ್ನು ನಾನು ಆಡಲಿಲ್ಲ. ಆಡಿದ್ದರೆ, ಅವಳ ಮನೆಯಲ್ಲಿ ಉಂಡು ಅವಳನ್ನೇ ಹಂಗಿಸಿದಂತಾಗುತ್ತಿತ್ತು.

ಇಂತಹ ಯಂತ್ರಗಳ ಹಿಂದಿರುವ ಕಲ್ಪನೆಗೆ ಇಂಗ್ಲಿಷಿನಲ್ಲಿ 'ಟೆಲಿಪ್ರೆಸೆನ್ಸ್' ಎನ್ನುತ್ತಾರೆ. ಕನ್ನಡದಲ್ಲಿ 'ದೂರಸಾನ್ನಿಧ್ಯ' ಎನ್ನಬಹುದೇನೋ. ಪಂಡಿತರು ಇದಕ್ಕಿಂತ ಒಳ್ಳೆಯ ಪದವನ್ನು ಸೂಚಿಸಿದರೆ ಸಂತೋಷ. ಅಮೆರಿಕದ ವಿಜ್ಞಾನಿ ಮಾರ್ವಿನ್ ಮಿನ್ಸ್ಕಿ ೧೯೮೦ರಲ್ಲಿ 'ಓಮ್ನಿ' ಎಂಬ ಮಾಸಪತ್ರಿಕೆಯಲ್ಲಿ ಈ ಹೆಸರಿನ ಲೇಖನವನ್ನು ಬರೆದನು. ಮನುಷ್ಯನು ತನ್ನ ಊರಿನಲ್ಲಿ ಕುಳಿತು ಒಂದು ವಿಶೇಷವಾದ ಅಂಗಿಯನ್ನು ತೊಟ್ಟು ಕೈಯಾಡಿಸಿದರೆ, ದೂರದ ಅಣುಸ್ಥಾವರದಲ್ಲಿಯೋ ಗಣಿಯಲ್ಲಿಯೋ ಸಮುದ್ರದ ತಳದಲ್ಲಿಯೋ ಇರುವ ಯಂತ್ರದ ಕೈ ಅದೇ ರೀತಿ ಆಡಬೇಕು. ಅಲ್ಲಿಯ ಸ್ಪರ್ಶ ಇಲ್ಲಿಯವನ ಬೆರಳಿಗೆ ತಿಳಿಯಬೇಕು. ಇದು ಆತನ ಕಲ್ಪನೆ. ಗಮನಿಸಬೇಕಾದ ಸಂಗತಿಯೆಂದರೆ, ಆತನು ಚಿಂತಿಸಿದುದು ಮನುಷ್ಯನ ಕೈಯನ್ನು, ಮನುಷ್ಯನು ಮಾಡುವ ಕೆಲಸವನ್ನು. ಮುಖ ತೋರಿಸುವ, ಕ್ಷೇಮಸಮಾಚಾರ ಕೇಳುವ ವಿಷಯ ಅಲ್ಲಿ ಮುಖ್ಯವಾಗಿರಲಿಲ್ಲ.

ಮುಂದೆ ಅಂಗಡಿಗೆ ಬಂದ ಯಂತ್ರಗಳಲ್ಲಿ ಮುಖವೇ ಪ್ರಧಾನವಾಯಿತು. ೨೦೧೨ರ ಸುಮಾರಿನಲ್ಲಿ ಅಮೆರಿಕದಲ್ಲಿ 'ಡಬಲ್', 'ಬೀಮ್' ಎಂಬ ಯಂತ್ರಗಳು ಬಂದವು. ಚಕ್ರದ ಮೇಲೆ ಒಂದು ಕಂಬ, ಕಂಬದ ತುದಿಯಲ್ಲಿ ಒಂದು ಪರದೆ, ಪರದೆಯಲ್ಲಿ ದೂರದವನ ಮುಖ. ಆ ದೂರದವನೇ ತನ್ನ ಕೋಣೆಯಲ್ಲಿ ಕುಳಿತು ಯಂತ್ರವನ್ನು ಬೇಕಾದಲ್ಲಿಗೆ ನಡೆಸುತ್ತಾನೆ. ರಷ್ಯದಲ್ಲಿ ಆಶ್ರಯ ಪಡೆದಿದ್ದ ಎಡ್ವರ್ಡ್ ಸ್ನೋಡೆನ್ ೨೦೧೪ರಲ್ಲಿ ಕೆನಡಾದ ವ್ಯಾಂಕೂವರ್ ನಗರದ ಸಭೆಯೊಂದರ ವೇದಿಕೆಯ ಮೇಲೆ ಕಾಣಿಸಿಕೊಂಡದ್ದು ಇಂತಹ ಯಂತ್ರದ ಮೂಲಕವೇ. ೨೦೨೦ರ ಮಾರ್ಚಿನಲ್ಲಿ ಕೊರೋನಾ ಪಿಡುಗಿನ ಭಯದಿಂದ ಟೋಕಿಯೋದ ಒಂದು ವಿಶ್ವವಿದ್ಯಾಲಯವು ಪದವೀದಾನ ಸಮಾರಂಭಕ್ಕೆ ವಿದ್ಯಾರ್ಥಿಗಳ ಬದಲು ಯಂತ್ರಗಳಿಗೇ ಗೌನು ಟೊಪ್ಪಿಗೆ ತೊಡಿಸಿ ವೇದಿಕೆ ಹತ್ತಿಸಿತು. ನಮ್ಮ ಬೆಂಗಳೂರಿನಲ್ಲಿ ತಯಾರಾದ 'ಮಿತ್ರ' ಎಂಬ ಯಂತ್ರವು ೨೦೧೭ರಲ್ಲಿ ಹೈದರಾಬಾದಿನ ಸಮಾವೇಶದಲ್ಲಿ ಪ್ರಧಾನಮಂತ್ರಿಗಳನ್ನು ಸ್ವಾಗತಿಸಿ ಹೆಸರು ಪಡೆದಿತ್ತು. ಅದೇ ಮಿತ್ರ ೨೦೨೦ರಲ್ಲಿ ನೋಯ್ಡಾದ ಆಸ್ಪತ್ರೆಯೊಂದರಲ್ಲಿ, ಯಾರೂ ಹತ್ತಿರ ಸುಳಿಯಲಾಗದ ಕೊರೋನಾ ರೋಗಿಗಳ ಮಂಚದ ಬಳಿಗೆ ಹೋಗಿ ಮನೆಯವರ ಮುಖವನ್ನು ತೋರಿಸಿತು. ಅದು ಪುಣ್ಯದ ಕೆಲಸವೆಂಬುದು ನಿರ್ವಿವಾದ. ಆದರೆ ೨೦೧೯ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಆಸ್ಪತ್ರೆಯಲ್ಲಿ, ಸಾವು ಸಮೀಪಿಸಿದೆಯೆಂಬ ಮಾತನ್ನು ವೃದ್ಧ ರೋಗಿಗೆ ವೈದ್ಯರು ಇಂತಹುದೇ ಪರದೆಯ ಮೂಲಕ ತಿಳಿಸಿದರೆಂದು ಆ ಮನೆಯವರು ನೊಂದುಕೊಂಡ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿತ್ತು. ಕಾಲುಗಳಿದ್ದವರು ನಾಲ್ಕು ಹೆಜ್ಜೆ ನಡೆದು ಬಂದು ಹೇಳಬೇಕಾದ ಮಾತುಗಳು ಕೆಲವು ಇರುತ್ತವೆ. ನನ್ನ ಮನಸ್ಸಿನಲ್ಲಿ ಉಳಿದಿದ್ದುದು ಈ ಎರಡನೆಯ ಸುದ್ದಿಯೇ. ಅದನ್ನು ಹೊತ್ತುಕೊಂಡೇ ನಾನು ಆ ಅಂಗಡಿಯ ಬಾಗಿಲನ್ನು ದಾಟಿದೆನು.

ಮೇಜಿನ ಮೇಲೆ ಒಂದು ಗೇಣೆತ್ತರದ ಬಿಳಿಯ ಗೊಂಬೆಯಿತ್ತು. ಹಕ್ಕಿಯ ರೆಕ್ಕೆಯಂತಹ ಎರಡು ಕೈ, ಬಾದಾಮಿಯಾಕಾರದ ಹಸಿರು ಕಣ್ಣು, ಹಣೆಯಲ್ಲಿ ಸಣ್ಣ ಕ್ಯಾಮರಾ. ಪರದೆಯಿರಲಿಲ್ಲ, ಆದುದರಿಂದ ಯಾರ ಮುಖವೂ ಕಾಣಿಸುತ್ತಿರಲಿಲ್ಲ. ಗೊಂಬೆಯ ಹೆಸರು 'ಒರಿಹಿಮೆ'. ಜಪಾನಿನ ಜಾನಪದ ಕಥೆಯಲ್ಲಿ ಒರಿಹಿಮೆ ಎಂಬವಳು ನೇಯುವ ಕನ್ಯೆ. ಆಕಾಶಗಂಗೆಯ ಈ ದಡದಲ್ಲಿ ಅವಳು, ಆ ದಡದಲ್ಲಿ ದನ ಕಾಯುವ ಅವಳ ಪತಿ. ವರ್ಷಕ್ಕೊಮ್ಮೆ ಮಾತ್ರ ಅವರಿಗೆ ಭೇಟಿ. ನಮ್ಮ ಪಂಚಾಂಗದ ಅಭಿಜಿತ್ ಮತ್ತು ಶ್ರವಣ ನಕ್ಷತ್ರಗಳೇ ಅವರಿಬ್ಬರು. ಮೂವತ್ತು ವರ್ಷ ಹುಡುಗರಿಗೆ ಆ ನಕ್ಷತ್ರಗಳನ್ನು ಬೆರಳು ಮಾಡಿ ತೋರಿಸಿದ ನನಗೆ ಈ ಕಥೆ ಗೊತ್ತಿರಲಿಲ್ಲವೆಂದು ನಾಚಿಕೆಯಾಯಿತು. ಮುಖವಿಲ್ಲದ್ದಕ್ಕೂ ಕಾರಣವಿದೆಯೆಂದು ಮಗಳು ಹೇಳಿದಳು. ಜಪಾನಿನ 'ನೋ' ಎಂಬ ಪ್ರಾಚೀನ ನಾಟಕದಲ್ಲಿ ನಟರು ತೊಡುವ ಮುಖವಾಡಕ್ಕೆ ತನ್ನದೇ ಆದ ಭಾವವಿಲ್ಲ. ನಟನು ತುಸು ತಲೆ ಬಾಗಿಸಿದರೆ ಅಳುವಂತೆಯೂ ಎತ್ತಿದರೆ ನಗುವಂತೆಯೂ ಕಾಣುತ್ತದೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಈ ಮುಖವನ್ನು ರೂಪಿಸಿದ್ದಾರೆ. ಹಾಸಿಗೆಯಲ್ಲಿರುವ ರೋಗಿಗೆ ತನ್ನ ಮುಖವನ್ನು ನಾಲ್ವರಿಗೆ ತೋರಿಸಬೇಕೆಂಬ ಆಸೆ ಇರಲಾರದಷ್ಟೆ. ಮೂಗಿಗೆ ನಳಿಗೆ ಹಾಕಿರುತ್ತಾರೆ, ತಲೆ ಬಾಚಿರುವುದಿಲ್ಲ. ಮುಖ ತೋರದೆಯೂ ಸಭೆಯಲ್ಲಿ ಕುಳಿತಿರುವ ಅವಕಾಶ ಅವರಿಗೆ ಬೇಕು. ಈ ಸೂಕ್ಷ್ಮವನ್ನು ಕಂಡವನು ರೋಗವನ್ನು ಉಂಡವನೇ ಇರಬೇಕೆಂದು ನನಗೆ ಅನಿಸಿತು.

ನಿಜವಾಗಿಯೂ ಹಾಗೆಯೇ ಇತ್ತು. ಇದನ್ನು ನಿರ್ಮಿಸಿದ ಕೆಂತಾರೊ ಯೋಶಿಫುಜಿ ೧೯೮೭ರಲ್ಲಿ ನಾರಾ ಪ್ರಾಂತದಲ್ಲಿ ಹುಟ್ಟಿದವನು. ಬಾಲ್ಯದಲ್ಲಿ ಅನಾರೋಗ್ಯದ ನಿಮಿತ್ತ ಸುಮಾರು ಮೂರೂವರೆ ವರ್ಷ ಶಾಲೆಗೆ ಹೋಗಲಾರದೆ ಮನೆಯಲ್ಲಿ ಛಾವಣಿಯನ್ನು ನೋಡುತ್ತ ಕಾಲ ಕಳೆದನು. ೨೦೧೨ರಲ್ಲಿ ತನ್ನ ಸಂಸ್ಥೆಯನ್ನು ಸ್ಥಾಪಿಸಿದನು. ಅವನಿಗೆ ಜೊತೆಯಾದವನು ಬಾಂದಾ ಯೂತಾ. ನಾಲ್ಕನೆಯ ವಯಸ್ಸಿನಲ್ಲಿ ವಾಹನಾಪಘಾತಕ್ಕೆ ಸಿಕ್ಕಿ ಕತ್ತಿನ ಕೆಳಗೆ ಜೀವವಿಲ್ಲದಂತಾಗಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ಹಾಸಿಗೆಯಲ್ಲಿದ್ದ ತರುಣನೀತ. ಗದ್ದವನ್ನು ಆಡಿಸಿ ಗಣಕಯಂತ್ರದಲ್ಲಿ ಬರೆಯುವುದನ್ನು ಕಲಿತು, ಯೋಶಿಫುಜಿಗೆ ಪತ್ರ ಬರೆದು ಪರಿಚಯ ಮಾಡಿಕೊಂಡು, ಕೊನೆಗೆ ಅವನ ಕಾರ್ಯದರ್ಶಿಯೇ ಆದನು. ಒಮ್ಮೆ ಯೋಶಿಫುಜಿ ತಮಾಷೆಗೆ, ಕಾರ್ಯದರ್ಶಿಯಾದವನು ನನಗೊಂದು ಬಟ್ಟಲು ಕಾಫಿಯನ್ನಾದರೂ ತಂದುಕೊಡಬೇಡವೇ ಎಂದನಂತೆ. ಹಾಗಾದರೆ ಕಾಫಿ ತರಬಲ್ಲ ದೇಹವನ್ನು ಮಾಡಿಕೊಡು ಎಂಬುದು ಬಾಂದಾನ ಉತ್ತರ. ಆ ಉತ್ತರದಿಂದ ಹುಟ್ಟಿದ್ದು ೧೨೦ ಸೆಂಟಿಮೀಟರ್ ಎತ್ತರದ, ತಟ್ಟೆ ಹಿಡಿದು ನಡೆಯಬಲ್ಲ ದೊಡ್ಡ ಒರಿಹಿಮೆ. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಬಾಂದಾನಿಗಿರಲಿಲ್ಲ. ೨೦೧೭ರಲ್ಲಿ, ೨೮ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಮರುವರ್ಷ ನವೆಂಬರಿನಲ್ಲಿ ಪ್ರಾಯೋಗಿಕವಾಗಿ ಕೆಲವು ದಿನಗಳ ಮಟ್ಟಿಗೆ ಈ ಕಾಫಿಯಂಗಡಿ ಮೊದಲ ಬಾರಿಗೆ ನಡೆಯಿತು.

ಇಲ್ಲಿ ದುಡಿಯುವವರು ಬೆನ್ನುಹುರಿ ಮುರಿದವರು, ಸ್ನಾಯುಗಳು ಕ್ಷೀಣಿಸುವ ರೋಗದವರು, ಮನೆಯಲ್ಲಿ ರೋಗಿಯನ್ನು ಬಿಟ್ಟು ಹೊರಡಲಾರದವರು. ಕೈ ಆಡುವವರು ಬೆರಳಿನಿಂದ, ಕೈಯೂ ಆಡದವರು ಕಣ್ಣಿನ ನೋಟದಿಂದ ಅಕ್ಷರಗಳನ್ನು ಆರಿಸಿ ಗೊಂಬೆಯನ್ನು ನಡೆಸುತ್ತಾರೆ. ಅವರು ಮಾಡುವ ಕೆಲಸಕ್ಕೆ ಸಂಬಳವಿದೆ. ಈ ಒಂದು ಮಾತನ್ನು ಮಗಳು ಹೇಳಿದಾಗ ನಾನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡೆನು. ದಾನವಲ್ಲ, ಸಂಬಳ.

ನಮ್ಮ ಮೇಜಿನ ಗೊಂಬೆ ಕೈಯೆತ್ತಿ ಸ್ವಾಗತಿಸಿತು. ಅದರೊಳಗಿನಿಂದ ಬಂದ ದನಿ ಮಧ್ಯವಯಸ್ಸಿನ ಒಬ್ಬ ಹೆಣ್ಣುಮಗಳದು. ಆಕೆ ನೂರಾರು ಮೈಲಿ ದೂರದ ತನ್ನ ಮನೆಯಲ್ಲಿ ಮಲಗಿದ್ದಳು. ನನಗೆ ಜಪಾನಿ ಬಾರದು, ಆಕೆಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಮಗಳು ನಡುವೆ ದುಭಾಷಿಯಾದಳು. ಮೊದಲು ಸ್ವಲ್ಪ ಹೊತ್ತು ಮಾತು ತೊಡಕಿತು. ಎದುರುಬದುರು ಕುಳಿತವರಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಮೊದಲಾಗಲು ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟೇ ಬಿಡುವು. ಯಾವ ಭಾಷೆಯವರಾದರೂ ಹೆಚ್ಚು ಕಡಿಮೆ ಇಷ್ಟೇ. ದನಿ ಇಷ್ಟು ದೂರ ಸುತ್ತಿ ಬರುವಾಗ ಆ ಬಿಡುವು ತುಸು ಹಿಗ್ಗುತ್ತದೆ, ನಾವು ಆತುರಪಟ್ಟು ಒಬ್ಬರ ಮೇಲೊಬ್ಬರು ಮಾತನಾಡಿಬಿಡುತ್ತೇವೆ. ನಾಲ್ಕಾರು ಮಾತಾದ ಮೇಲೆ ಇಬ್ಬರೂ ಕಾಯುವುದನ್ನು ಕಲಿತೆವು. ಗೊಂಬೆ ನಾನು ಮಾತನಾಡಿದಾಗ ನನ್ನ ಕಡೆಗೂ ಮಗಳು ಮಾತನಾಡಿದಾಗ ಅವಳ ಕಡೆಗೂ ತಲೆ ತಿರುಗಿಸುತ್ತಿತ್ತು. ತಿರುಗಿಸುತ್ತಿದ್ದವಳು ಆಕೆ. ಇದನ್ನು ತಿಳಿದುಕೊಂಡ ಕ್ಷಣದಿಂದ ನಾನು ಗೊಂಬೆಯನ್ನು ನೋಡುವುದನ್ನು ಬಿಟ್ಟು ಆಕೆಯನ್ನು ನೋಡತೊಡಗಿದೆನು, ಹೇಗೆಂದು ವಿವರಿಸಲಾರೆ.

ಆಕೆ ನನ್ನ ಊರು, ವೃತ್ತಿ ಎಲ್ಲವನ್ನೂ ವಿಚಾರಿಸಿದಳು. ಕಾಫಿಗೆ ಸಕ್ಕರೆ ಎಷ್ಟೆಂದು ಕೇಳಿದಳು. ಬೆಲ್ಲ ಸಿಕ್ಕೀತೇ ಎಂದು ನಾನು ತಮಾಷೆ ಮಾಡಿದೆನು; ಅದನ್ನು ಮಗಳು ಭಾಷಾಂತರಿಸುವಷ್ಟರಲ್ಲಿ ತಮಾಷೆ ಆರಿಹೋಗಿತ್ತು. ಮಾತಿಗೆ ಮಾತು ಬಂದು, ನನ್ನ ಅಕ್ಕನಿಗೂ ನರಗಳ ರೋಗ ತಗಲಿ ಕೊನೆಯ ಮೂರು ವರ್ಷ ಹಾಸಿಗೆಯಲ್ಲಿದ್ದಳೆಂದು ಹೇಳಿದೆನು. ಆಕೆ ತುಸು ಹೊತ್ತು ಸುಮ್ಮನಿದ್ದು, ಜಪಾನಿಯಲ್ಲಿ ಏನನ್ನೋ ಕೇಳಿದಳು. ಮಗಳು ನನ್ನ ಮುಖ ನೋಡಿ ಅನುಮಾನಿಸುತ್ತ ಹೇಳಿದಳು: "ಆ ಮೂರು ವರ್ಷ ದೊಡ್ಡಮ್ಮ ಏನು ಕೆಲಸ ಮಾಡತಿದ್ರು ಅಂತ ಕೇಳತಾಳ, ಅಪ್ಪಾ."

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮಲಗಿದವರಿಗೆ ಕೆಲಸವೆಲ್ಲಿಯದು? ಈ ಪ್ರಶ್ನೆಯನ್ನು ನನ್ನ ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲ. ಅಕ್ಕನನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿರಿ ಎಂದು ಹೊಗಳಿದವರು ಬಹಳ ಮಂದಿ.

ಈಗ ಅಕ್ಕನ ಸಂಗತಿಯನ್ನು ಹೇಳುತ್ತೇನೆ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಚಿಕ್ಕಂದಿನಲ್ಲೇ ವಿಧವೆಯಾಗಿ ತೌರಿಗೆ ಮರಳಿ ನಮ್ಮನ್ನೆಲ್ಲ ಸಾಕಿದಳು. ನಾನು ಶ್ರೀಮಠದ ಪ್ರಸಾದ ನಿಲಯಕ್ಕೆ ಸೇರಿದ ದಿನ ನನ್ನ ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಎರಡು ಹರದಾರಿ ನಡೆದು ಬಂದವಳು ಅವಳೇ. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ಆದರೆ ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಮನೆಯಲ್ಲಿರಲಿಲ್ಲ. ಮನೆಯ ಖರ್ಚಿನ ವಹಿ ನಲವತ್ತು ವರ್ಷ ಅವಳ ಕೈಯಲ್ಲಿತ್ತು. ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಕಂಬಕ್ಕೆ ಒರಗಿ ಕುಳಿತು ಬರೆಯುತ್ತಿದ್ದಳು. ಎಂಟಾಣೆ ತಾಳೆಯಾಗದಿದ್ದರೆ ಉಣ್ಣುತ್ತಿರಲಿಲ್ಲ.

೨೦೧೦ರಲ್ಲಿ ಅವಳ ಕೈಬೆರಳುಗಳು ಸೋಲತೊಡಗಿದವು. ಮೋಟಾರ್ ನ್ಯೂರಾನ್ ರೋಗವೆಂದು ವೈದ್ಯರು ಹೇಳಿದರು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುತ್ತ ಬರುವ ರೋಗವಿದು. ಕೈಕಾಲು, ನಾಲಗೆ, ಕೊನೆಗೆ ಉಸಿರು. ಬುದ್ಧಿ ಸಾಮಾನ್ಯವಾಗಿ ಚುರುಕಾಗಿಯೇ ಇರುತ್ತದೆ, ಕಣ್ಣಿನ ಚಲನೆ ಬಹುಕಾಲ ಉಳಿಯುತ್ತದೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಈ ರೋಗದೊಂದಿಗೇ ಐವತ್ತಕ್ಕೂ ಹೆಚ್ಚು ವರ್ಷ ಬದುಕಿ ದುಡಿದುದನ್ನು ನಾನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆನು. ಇಂಗ್ಲೆಂಡಿನ ವಿಜ್ಞಾನಿಯ ವಿಷಯದಲ್ಲಿ ಹುಡುಗರಿಗೆ ಬೋಧಿಸಿದ ಸಂಗತಿ ನನ್ನ ಮನೆಯ ಪಡಸಾಲೆಯಲ್ಲಿ ನನಗೆ ಹೊಳೆಯಲಿಲ್ಲ. ಒಂದು ಸಂಜೆ ಅವಳು ಲೇಖನಿಯನ್ನು ಹಿಡಿಯಲಾರದೆ ಒದ್ದಾಡುತ್ತಿದ್ದಳು. ನನ್ನನ್ನು ಕಂಡು, "ತಮ್ಮಾ, ಇಲ್ಲಿ ಕುಂದರು. ನಾ ಹೇಳತೀನಿ, ನೀ ಬರಕೋತ ಹೋಗು" ಎಂದಳು. ನಾನು ವಹಿಯನ್ನು ಅವಳ ತೊಡೆಯ ಮೇಲಿನಿಂದ ಮೆಲ್ಲಗೆ ತೆಗೆದುಕೊಂಡು, "ಇನ್ನ ಇದರ ಚಿಂತಿ ನಿನಗ್ಯಾಕಕ್ಕಾ? ಇಷ್ಟು ವರ್ಷ ದುಡದಿ, ಆರಾಮ ಮಲಕೋ" ಎಂದೆನು. ಪ್ರೀತಿಯಿಂದಲೇ ಹೇಳಿದೆನು. ಮರುದಿನವೂ ಅವಳು ವಹಿಯನ್ನು ಕೇಳಿದಳು. ಅಡಿಗೆಗೆ ಏನು ಮಾಡಿದ್ದೀರಿ, ಜೋಳ ಎಷ್ಟು ಉಳಿದಿದೆ, ಹಾಲಿನವನಿಗೆ ಬಾಕಿ ಎಷ್ಟೆಂದು ಕೇಳಿದಳು. ನಾವೆಲ್ಲರೂ ಒಂದೇ ದನಿಯಲ್ಲಿ, ನಿನಗೆ ಅದೆಲ್ಲ ಯಾಕೆ ಎಂದೆವು. ಒಂದು ವಾರದಲ್ಲಿ ಕೇಳುವುದನ್ನು ಬಿಟ್ಟಳು. ನಾಲಗೆ ಇನ್ನೂ ಒಂದು ವರ್ಷ ಸ್ಪಷ್ಟವಾಗಿತ್ತು, ಆದರೆ ಆಡಲು ಮಾತು ಉಳಿದಿರಲಿಲ್ಲ. ನಾವು ಹಣ್ಣಿನ ರಸ ಕುಡಿಸಿದೆವು, ಮಗ್ಗುಲು ಬದಲಿಸಿದೆವು, ಹುಣ್ಣಾಗದಂತೆ ಕಾದೆವು. ೨೦೧೪ರಲ್ಲಿ ಅವಳು ಲಿಂಗೈಕ್ಯಳಾದಳು.

ಕಾಯಕದ ಮಹಿಮೆಯನ್ನು ಕೇಳುತ್ತ ಬೆಳೆದ ಮನೆ ನಮ್ಮದು. ಅದನ್ನು ಕುರಿತು ನಾನು ವೇದಿಕೆಗಳ ಮೇಲೆ ಮಾತನಾಡಿದ್ದೇನೆ, ಇದೇ ಪತ್ರಿಕೆಯಲ್ಲಿ ಬರೆದೂ ಇದ್ದೇನೆ. ಗಟ್ಟಿಮುಟ್ಟಾದವರಿಗೆ ಮಾತ್ರ ಕಾಯಕ, ಮಲಗಿದವರಿಗೆ ಸೇವೆ ಎಂದು ನಾನು ಯಾವ ಆಧಾರದ ಮೇಲೆ ಹಂಚಿಬಿಟ್ಟೆನೋ ತಿಳಿಯದು.

ಇದಿಷ್ಟನ್ನೂ ಆ ಅಂಗಡಿಯಲ್ಲಿ ನಾನು ಹೇಳಲಿಲ್ಲ. "ಏನೂ ಇಲ್ಲ, ಸುಮ್ಮನೆ ಮಲಗಿರುತ್ತಿದ್ದಳು" ಎಂದಷ್ಟೇ ಹೇಳಿದೆನು. ಆಕೆ ಪುನಃ ಏನನ್ನೂ ಕೇಳಲಿಲ್ಲ. ಅಷ್ಟರಲ್ಲಿ ದೊಡ್ಡ ಒರಿಹಿಮೆ ನೆಲದ ಮೇಲಿನ ಗೆರೆಯನ್ನು ಅನುಸರಿಸಿ ಮೆಲ್ಲಗೆ ಬಂದು ಕಾಫಿಯ ತಟ್ಟೆಯನ್ನು ಚಾಚಿತು. ಅದನ್ನು ನಡೆಸುತ್ತಿದ್ದವರು ಇನ್ಯಾರೋ, ಇನ್ನಾವ ಊರಿನಲ್ಲಿಯೋ. ಹೊರಡುವಾಗ ನಾನು ಗೊಂಬೆಗೆ ಕೈಮುಗಿದೆನು. ಹಾಗೆಂದರೇನೆಂದು ಆಕೆ ಕೇಳಿದಳು. ಮಗಳು ವಿವರಿಸಿದಳು. ನನ್ನ ಗೊಂಬೆಯ ಕೈಗಳು ಎತ್ತಬಲ್ಲವು, ಆದರೆ ಕೂಡಲಾರವು ಎಂದು ಆಕೆ ನಕ್ಕಳು. ಎರಡೂ ಕೈಗಳನ್ನು ಎತ್ತಿ ಹಾಗೆಯೇ ಹಿಡಿದಿದ್ದಳು.

ಮಗನು ಬರಲಾರದ್ದಕ್ಕೆ ನೆಪವಾಗುವ ಯಂತ್ರದ ಮೇಲೆ ನನಗಿದ್ದ ಅನುಮಾನ ಈಗಲೂ ಹೋಗಿಲ್ಲ. ನಡೆಯಬಲ್ಲವನು ನಡೆಯದಿರುವುದಕ್ಕೂ ನಡೆಯಲಾರದವಳು ನಡೆಯುವುದಕ್ಕೂ ಒಂದೇ ಯಂತ್ರ ಬರುತ್ತದೆ. ಅಂಗಡಿಯಲ್ಲಿ ಅದನ್ನು ಮಾರುವವನಿಗೆ ಇವೆರಡರ ಭೇದ ತಿಳಿಯದು. ಕೊಳ್ಳುವ ಮನೆಯವರಿಗೆ ತಿಳಿದಿರಬೇಕು.

ಊರಿಗೆ ಬಂದ ಮೇಲೆ ನಾನು ಹೋದದ್ದು ನನ್ನ ಹಳೆಯ ಗೆಳೆಯನ ಮನೆಗೆ. ಪ್ರಸಾದ ನಿಲಯದಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದೆವು. ಮುಂದೆ ಅವನು ತಲಾಟಿಯಾಗಿ ನಿವೃತ್ತನಾದನು. ಮಾಳಿಗೆಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಒಂಬತ್ತು ವರ್ಷ ಆಗಿತ್ತು. ಕೈಗಳಲ್ಲಿಯೂ ಬಲ ಕಡಿಮೆ. ಹಳೆಯ ವಿದ್ಯಾರ್ಥಿಗಳ ಸಂಘದಿಂದ ಪ್ರತಿವರ್ಷ ನಾಲ್ವರು ಹೋಗಿ, ಅವನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿಯಿಟ್ಟು, ಭಾವಚಿತ್ರ ತೆಗೆಸಿಕೊಂಡು ಬರುತ್ತಿದ್ದೆವು. ಈ ಸಲ ನಾನು ಒಬ್ಬನೇ ಹೋದೆನು. ಹಣ್ಣು ಒಯ್ಯಲಿಲ್ಲ. ಸಂಘದ ಸದಸ್ಯರ ವಿಳಾಸಗಳ ದಫ್ತರವನ್ನು ಒಯ್ದೆನು. ಅದರಲ್ಲಿ ತೀರಿಹೋದವರು ಜೀವಂತವಾಗಿದ್ದರು, ಜೀವಂತ ಇದ್ದವರು ಎರಡೆರಡು ಸಲ ಇದ್ದರು. ಅರ್ಧದಷ್ಟು ಫೋನಿನ ಸಂಖ್ಯೆಗಳು ಸತ್ತಿದ್ದವು. "ಇದನ್ನ ನೀನ ನೆಟ್ಟಗ ಮಾಡಬೇಕು, ನನಗ ಆಗೂದಿಲ್ಲ" ಎಂದೆನು. ಅವನು ಸೊಸೆಯ ಕೈಯಿಂದ ಎರಡು ಪುಟ ತಿರುವಿಸಿ ನೋಡಿ, "ಇದು ದಫ್ತರ ಏನೋ? ನಾ ತಲಾಟಿ ಇದ್ದಾಗ ಹಿಂಗ ಇಟ್ಟಿದ್ದರ ಸಸ್ಪೆಂಡ್ ಆಗಿ ಹೋಗತಿದ್ದೆ" ಎಂದು ಬೈದನು. ಮರುದಿನದಿಂದಲೇ ಸೊಸೆ ಫೋನು ಹಚ್ಚಿಕೊಡುವುದು, ಅವನು ಮಾತನಾಡುವುದು, ಸಂಜೆ ಮೊಮ್ಮಗಳು ಬರೆದುಕೊಳ್ಳುವುದು, ಹೀಗೆ ಕೆಲಸ ಮೊದಲಾಯಿತು.

೨೦೨೪ರ ವಾರ್ಷಿಕ ಸಭೆಗೆ ಅವನೂ ಬರಬೇಕೆಂದು ಹಟ ಹಿಡಿದನು. ಟೋಕಿಯೋದ ಗೊಂಬೆಯನ್ನು ನಾವೆಲ್ಲಿಂದ ತರುವುದು? ನಿಲಯದಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುವ ಒಬ್ಬ ಹುಡುಗನು, ಪುರಾಣ ಹೇಳುವಾಗ ಬಳಸುವ ಹಳೆಯದೊಂದು ವ್ಯಾಸಪೀಠದ ಮೇಲೆ ಫೋನನ್ನು ನಿಲ್ಲಿಸಿ, ಕೆಳಗೆ ಸಣ್ಣ ಮೋಟಾರನ್ನು ಕೂಡಿಸಿದನು. ಗೆಳೆಯನು ಮನೆಯಲ್ಲಿ ಹೆಬ್ಬೆರಳಿನಿಂದ ಗುಂಡಿಯೊತ್ತಿದರೆ ಇಲ್ಲಿ ಫೋನು ಎಡಕ್ಕೂ ಬಲಕ್ಕೂ ತಿರುಗುತ್ತಿತ್ತು. ನನಗೆ ಮುಖ್ಯವೆನಿಸಿದುದು ಇದು. ಹಿಂದಿನ ವರ್ಷ ಯಾರೋ ಅವನನ್ನು ಫೋನಿನಲ್ಲಿ ಸಭೆಗೆ ಕರೆದು, ಫೋನನ್ನು ಗೋಡೆಗೆ ಮುಖ ಮಾಡಿ ಇಟ್ಟು ಮರೆತುಬಿಟ್ಟಿದ್ದರಂತೆ. ಮೂರು ಗಂಟೆ ಅವನು ಸುಣ್ಣದ ಗ್ವಾಡಿಯನ್ನು ನೋಡಿದ್ದನು. ಈ ಸಲ ತನಗೆ ಬೇಕಾದತ್ತ ತಾನೇ ತಿರುಗಿದನು. ಅಧ್ಯಕ್ಷರ ಭಾಷಣದ ನಡುವೆ ಮೆಲ್ಲಗೆ ಅಡಿಗೆಮನೆಯ ಕಡೆಗೆ ತಿರುಗಿದ್ದನ್ನು ಎಲ್ಲರೂ ಕಂಡು ನಕ್ಕರು. ಆ ಮೇಲೆ ಮೋಟಾರು ಅಲ್ಲಿಯೇ ಸಿಕ್ಕಿಕೊಂಡಿತು. ಉಳಿದ ಸಭೆಯನ್ನು ಅವನು ಹುಗ್ಗಿಯ ಕೊಪ್ಪರಿಗೆಯನ್ನು ನೋಡುತ್ತಲೇ ಕೇಳಬೇಕಾಯಿತು. ತನ್ನ ಸರದಿ ಬಂದಾಗ ದಫ್ತರದ ವರದಿಯನ್ನು ಒಪ್ಪಿಸಿದನು: ಆ ವರ್ಷ ತೀರಿದವರ ಹೆಸರುಗಳು, ಊರು ಬಿಟ್ಟವರು, ಚಂದಾ ಬಾಕಿಯಿಟ್ಟವರು. ಬಾಕಿದಾರರಲ್ಲಿ ನನ್ನ ಹೆಸರೂ ಇತ್ತು.

ಈಗ ಪ್ರತಿರಾತ್ರಿ ಒಂಬತ್ತಕ್ಕೆ ಅವನ ಫೋನು ಬರುತ್ತದೆ, ಏನಾದರೊಂದು ತಪ್ಪನ್ನು ಹಿಡಿದುಕೊಂಡು. ಈ ಲೇಖನವನ್ನೂ ಅವನಿಗೆ ಓದಿ ಹೇಳಿದೆನು. ಎರಡು ಕಡೆ ಇಸವಿಯನ್ನು ತಿದ್ದಿಸಿದನು. ಕೊನೆಗೆ, "ಅಕ್ಕನ ವಹಿ ಅಷ್ಟ ಹೇಳಿದಿ, ಕಡೀ ಪುಟದಾಗ ಏನೈತಿ ಅಂತ ಹೇಳಲೇ ಇಲ್ಲಲ್ಲ?" ಎಂದನು.

ವಹಿ ನನ್ನ ಕಪಾಟಿನಲ್ಲಿಯೇ ಇದೆ. ಹತ್ತು ವರ್ಷದಿಂದ ತೆರೆದಿರಲಿಲ್ಲ. ತಂದು ತೆರೆದೆನು. ೨೦೧೧ರ ಆಗಸ್ಟ್ ತಿಂಗಳು. ಅಕ್ಷರಗಳು ಗೆರೆ ಬಿಟ್ಟು ಇಳಿದಿದ್ದವು. ಹಾಲು ೨೮, ಬೆಲ್ಲ ೪೫, ತೊಗರಿಬೇಳೆ ೭೦, ಸಾಸಿವೆ ೧೨, ಹಿಟ್ಟು ಬೀಸಿದ್ದು ೧೫. ಕೆಳಗೆ ಗೆರೆ ಎಳೆದಿದ್ದಳು, ಮೊತ್ತ ಬರೆದಿರಲಿಲ್ಲ. ಬರೆಯುವ ಮೊದಲೇ ನಾನು ವಹಿಯನ್ನು ಎತ್ತಿಕೊಂಡಿದ್ದೆನು.

"ಇನ್ನೊಮ್ಮೆ ಓದು" ಎಂದನು ಗೆಳೆಯ. ಓದಿದೆನು.

"ನೂರಾ ಎಪ್ಪತ್ತು" ಎಂದನು. "ಬರಿ."

ಬರೆದೆನು.